ರವದಿ ಉರಿಗೆ ಬೀಡಿನ ಪಾತ್ರೆ
ಕಬ್ಬಿನ ಹಂಗಾಮು ಶುರು. ಈ ವಾರ ಮುಧೋಳ–ಜಮಖಂಡಿ ರಸ್ತೆ ಬದಿಯಲ್ಲಿ ಕಟಾವಿನವರ ಜೋಪಡಿಗಳು ಎದ್ದಿವೆ. ಮರಾಠವಾಡಾದಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ ಗಂಡ-ಹೆಂಡತಿ ಜೋಡಿಯಾಗಿ ಬರುತ್ತಾರೆ, ಮುಂಗಡವೂ ಜೋಡಿಗೇ. ಮೂರು ಕಲ್ಲು, ತೆಳ್ಳನೆಯ ಜರ್ಮನ್ (ಅಲ್ಯೂಮಿನಿಯಂ) ಪಾತ್ರೆ, ಉರುವಲಿಗೆ ಹೊಲದ ರವದಿ, ಅಂದರೆ ಕಬ್ಬಿನ ಒಣಗರಿ. ರವದಿಯ ಉರಿ ಹೊಸ ಪುಢಾರಿಯ ಭಾಷಣದಂತೆ: ಭಗ್ಗೆಂದು ಏಳುತ್ತದೆ, ಕೆಂಡ ಉಳಿಸುವುದಿಲ್ಲ. ತೆಳು ಪಾತ್ರೆಯ ಬ್ಯಾಳಿ ಒಮ್ಮೆ ತಳ ಹಿಡಿಯುತ್ತದೆ, ಮರುಗಳಿಗೆ ಕುದಿಯೇ ನಿಲ್ಲುತ್ತದೆ. ಇತ್ತ ಪಟ್ಟಣಗಳಲ್ಲಿ, ಮುಚ್ಚಳದ ಮೇಲೂ ಕೆಂಡ ಇಡಬಹುದಾದ ಬೀಡು ಕಬ್ಬಿಣದ ಪುಟ್ಟ ಪಾತ್ರೆಗಳು ವಾರಾಂತ್ಯದ ಟೆಂಟಿನವರಿಗೆ ಮಾರಾಟಕ್ಕಿವೆ. ನನ್ನ ತಕರಾರು ಇಷ್ಟೇ: ಅವುಗಳ ನಿಜವಾದ ಗಿರಾಕಿ ಈ ಜೋಪಡಿಯಲ್ಲಿದ್ದಾಳೆ. ದಪ್ಪ ಬೀಡು ಆ ಭಗ್ಗೆನ್ನುವ ಉರಿಯನ್ನು ನುಂಗಿ ಸಾವಕಾಶ ಬಿಟ್ಟುಕೊಡುತ್ತದೆ. ನಸುಕಿಗೇ ಕಬ್ಬು ಕಡಿಯಲು ಇಳಿಯುವವಳು ಒಲೆಗೆ ಕಾವಲು ಕೂರಬೇಕಿಲ್ಲ. ಪಾತ್ರೆ ಸಣ್ಣದೇ ಇರಬೇಕು. ದೊಡ್ಡದರಲ್ಲಿ ಇಬ್ಬರ ಬ್ಯಾಳಿ ತಳದಗಲ ಹರಡಿ ಬತ್ತಿಹೋಗುತ್ತದೆ. ಭಾರ ಎನ್ನುತ್ತೀರಾ? ಸಂಸಾರವೆಲ್ಲ ಬರುವುದೇ ಟ್ರ್ಯಾಕ್ಟರಿನಲ್ಲಿ. ಪುಂಡಿಪಲ್ಯೆಯಂಥ ಹುಳಿಯನ್ನು ಮಾತ್ರ ಬೀಡಿನ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬಾರದು, ಕಪ್ಪಾಗಿ ಕಬ್ಬಿಣದ ರುಚಿ ಹತ್ತುತ್ತದೆ. ಮುಂಗಡ ಕೊಡುವವರು ಜೋಡಿಗೊಂದು ಪಾತ್ರೆಯನ್ನೂ ಕೊಡಲಿ, ಅದನ್ನು ಕೂಲಿಯಲ್ಲಿ ಮುರಿದುಕೊಳ್ಳದೆ.