ಶಾಲು ಹೊದಿಸಿದ ಮೇಲೆ ಆ ಕುರ್ಚಿ ಯಾರಿಗೆ?

ಜುಲೈ 1ರ ವೈದ್ಯರ ದಿನಕ್ಕೆ ಹಿರಿಯ ಡಾಕ್ಟರೊಬ್ಬರನ್ನು ವೇದಿಕೆಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುವುದು ನಮ್ಮಲ್ಲಿ ರೂಢಿ. ಅದು ಬೇಕು. ಆದರೆ ನಾಲ್ಕು ದಶಕ ಒಂದೇ ಊರಿನ ನಾಡಿ ಹಿಡಿದವರಿಗೆ ಅಷ್ಟೇ ಸಾಲದು. ಅವರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಬಂದು ಕೂರುವಂತೆ, ಕೂತವರು ಅಲ್ಲೇ ಉಳಿಯುವಂತೆ ಮಾಡುವುದು ಊರಿನ ಹೊಣೆ.

ಮಂಡ್ಯದ ಡಾ. ಶಂಕರೇಗೌಡರನ್ನು ನೋಡಿ. ಮಣಿಪಾಲದಲ್ಲಿ ಓದಿ ಬಂದ ಈ ಚರ್ಮರೋಗ ವೈದ್ಯರು ದಶಕಗಳಿಂದ ‘ಐದು ರೂಪಾಯಿ ಡಾಕ್ಟ್ರು’ ಎಂದೇ ಮನೆಮಾತು. ಐದು ರೂಪಾಯಿಯ ಬೆಲೆ ಗೊತ್ತಾಗಬೇಕಾದರೆ ಹುಳುಕಡ್ಡಿಯಂಥ ಸಾಮಾನ್ಯ ಕಾಯಿಲೆ ನೋಡಬೇಕು. ಡಾಕ್ಟರ ಫೀಸಿಗೆ ಹೆದರಿದವರು ಮೆಡಿಕಲ್ ಸ್ಟೋರಿನಲ್ಲಿ ಸ್ಟೀರಾಯ್ಡ್ ಬೆರೆತ ಟ್ಯೂಬ್ ಕೊಂಡು ಹಚ್ಚುತ್ತಾರೆ. ಎರಡು ದಿನಕ್ಕೆ ನವೆ ಇಳಿಯುತ್ತದೆ, ಬಿಟ್ಟ ಕೂಡಲೇ ಸೊಂಟದಿಂದ ತೊಡೆಗೆ ಹಬ್ಬುತ್ತದೆ, ಮನೆಮಂದಿಗೆಲ್ಲ ಅಂಟುತ್ತದೆ. ‘ಇದಕ್ಕೆ ಮೊದಲು ಏನು ಹಚ್ಚಿದ್ದಿರಿ?’ ಎಂದು ಕೇಳಬಲ್ಲವರು ಕೈಗೆಟುಕುವ ಫೀಸಿನಲ್ಲಿ ಸಿಕ್ಕರೆ ಅರ್ಧ ರೋಗ ಅಲ್ಲೇ ನಿಂತಂತೆ. 2022ರಲ್ಲಿ ಗೌಡರೇ ಹೃದಯದ ಕಾಯಿಲೆಯಿಂದ ಬೆಂಗಳೂರಿನ ಆಸ್ಪತ್ರೆ ಸೇರಿದರು. ಒಬ್ಬರ ಹೆಗಲ ಮೇಲೆ ಎಷ್ಟು ಭಾರ ಹೊರಿಸಿದ್ದೇವೆ ಎಂಬುದು ಆಗ ಕಂಡಿತು.

ಸುತ್ತ ಇಷ್ಟೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಳಿರುವಾಗ ಹಳೇ ಕಾಲದ ಫ್ಯಾಮಿಲಿ ಡಾಕ್ಟರು ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ನಾರ್ವೆಯಲ್ಲಿದೆ. ಅಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ತೆಗೆದು ನೋಡಿದಾಗ, ಒಬ್ಬನೇ ವೈದ್ಯನ ಬಳಿ 15 ವರ್ಷಕ್ಕೂ ಮೇಲ್ಪಟ್ಟು ಇದ್ದವರಲ್ಲಿ, ಒಂದೇ ವರ್ಷ ಇದ್ದವರಿಗಿಂತ, ತುರ್ತಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಶೇ 28ರಷ್ಟು, ಸಾವಿನ ಸಾಧ್ಯತೆ ಶೇ 25ರಷ್ಟು ಕಡಿಮೆ ಇತ್ತು. ಗಟ್ಟಿಮುಟ್ಟಾಗಿರುವವರೇ ಡಾಕ್ಟರನ್ನು ಬದಲಿಸದೆ ಇರುತ್ತಾರೆ, ಲೆಕ್ಕ ಅದಕ್ಕೇ ಹಾಗೆ ಬಂತು ಎನ್ನಬಹುದು. ಆದರೆ ವಯಸ್ಸು, ಹಳೆಯ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಒಡನಾಟದ ವರ್ಷ ಹೆಚ್ಚಿದಂತೆ ಲಾಭವೂ ಹಂತಹಂತವಾಗಿ ಹೆಚ್ಚಿದೆ. ಈ ಮನೆಯಲ್ಲಿ ಸಕ್ಕರೆ ಕಾಯಿಲೆ ತಾಯಿಯ ಕಡೆಯಿಂದ ಬಂದದ್ದು, ಈ ಯಜಮಾನರು ಬಿ.ಪಿ. ಮಾತ್ರೆ ನುಂಗಿದೆ ಎಂದು ಸುಳ್ಳು ಹೇಳುತ್ತಾರೆ ಎಂಬುದು ಯಾವ ಸ್ಕ್ಯಾನಿಂಗಿನಲ್ಲೂ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಲಕ್ಷಗಟ್ಟಲೆ ಸಾಲ ಮಾಡಿ ಓದಿದ ಹುಡುಗಿ ಐದು ರೂಪಾಯಿಗೆ ಯಾಕೆ ದುಡಿಯಬೇಕು? ದುಡಿಯಬೇಕಿಲ್ಲ. ತ್ಯಾಗವನ್ನು ಯಾರೂ ಇನ್ನೊಬ್ಬರಿಂದ ವಸೂಲಿ ಮಾಡಬಾರದು. ಗೌಡರ ಫೀಸು ಅವರ ದೊಡ್ಡತನ. ಸರ್ಕಾರ ಕಲಿಯಬೇಕಾದದ್ದು ಅವರು ಕದಲದೆ ಉಳಿದದ್ದನ್ನು. ಅದನ್ನು ವ್ಯವಸ್ಥೆಯಾಗಿ ಕಟ್ಟಬಹುದೆಂದು ಡಾ. ಸುದರ್ಶನ್ ತೋರಿಸಿದ್ದಾರೆ. 1980ರ ಸುಮಾರಿಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸಕ್ಕಿಳಿದವರು ಸೋಲಿಗ ಯುವಜನರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿದರು. ಅವರ ಕರುಣಾ ಟ್ರಸ್ಟ್ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಅಂಥ ವ್ಯವಸ್ಥೆಯಲ್ಲಿ ಸಂಬಳವಿರುತ್ತದೆ, ತಂಡವಿರುತ್ತದೆ, ಒಬ್ಬರು ಹೋದರೆ ಮತ್ತೊಬ್ಬರಿರುತ್ತಾರೆ.

ಈ ಮಾತು ಹಳ್ಳಿಗಷ್ಟೇ ಅಲ್ಲ, ನಗರಕ್ಕೂ ಸಲ್ಲುತ್ತದೆ. ಬೆಂಗಳೂರಿನ ಬಡಾವಣೆಯಾದ ಹೊಸ ತಿಪ್ಪಸಂದ್ರವೂ ಒಂದರ್ಥದಲ್ಲಿ ಚಿಕ್ಕ ಊರೇ. ಎಚ್ಎಎಲ್‌ನಂಥ ಕಾರ್ಖಾನೆಗಳ ಕಾಯಂ ನೌಕರರಿಗೆ ಕಂಪನಿಯ ಚಿಕಿತ್ಸೆಯ ಆಸರೆಯಿದೆ. ಮಾರ್ಕೆಟ್ಟಿನ ತರಕಾರಿಯವರು, ಆಟೊ ಓಡಿಸುವವರು, ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವವರು ಹೋಗುವುದು ಕ್ರಾಸಿನಲ್ಲಿರುವ ಸಣ್ಣ ಕ್ಲಿನಿಕ್ಕಿಗೆ. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವ ಅಂಥ ಡಾಕ್ಟರಿಗೆ ವಯಸ್ಸಾದಾಗ ಶಟರ್ ಬೀಳುತ್ತದೆ, ಆ ಜಾಗಕ್ಕೆ ಮೊಬೈಲ್ ಅಂಗಡಿ ಬರುತ್ತದೆ. 2023ರಲ್ಲಿ ನಗರದಲ್ಲಿ ತೆರೆದ ಸರ್ಕಾರಿ ‘ನಮ್ಮ ಕ್ಲಿನಿಕ್’‌ಗಳು ಈ ಜಾಗ ತುಂಬಬಲ್ಲವು. ಆದರೆ ಗುತ್ತಿಗೆಯ ಮೇಲೆ ಬಂದ ವೈದ್ಯರು ಪಿಜಿ ಸೀಟು ಸಿಕ್ಕ ಕೂಡಲೇ ಹೊರಟರೆ ರೋಗಿ ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ಆ ವೈದ್ಯರಿಗೆ ಕಾಯಂ ಹುದ್ದೆ ಕೊಡಿ, ಕುಟುಂಬ ವೈದ್ಯಶಾಸ್ತ್ರದ ಸೀಟು ಹೆಚ್ಚಿಸಿ, ಅಲ್ಲೇ ಹತ್ತು ವರ್ಷ ಉಳಿದವರಿಗೆ ಸಂಬಳ ಏರಿಸಿ, ಕೂಲಿಯವರು ಮನೆಗೆ ಬರುವ ಸಂಜೆಯ ಹೊತ್ತಿನಲ್ಲಿ ಬಾಗಿಲು ತೆರೆದಿಡಿ. ವಾರಕ್ಕೆರಡು ದಿನ ಬಡಾವಣೆಯ ಹಿರಿಯ ಡಾಕ್ಟರನ್ನು ಗೌರವಧನ ಕೊಟ್ಟು ಕರೆಸಿ, ಹೊಸಬರ ಪಕ್ಕದಲ್ಲಿ ಕೂರಿಸಿ.