ಪ್ರಶಸ್ತಿ ಬಂದ ಮೇಲಿನ ಆರು ವರ್ಷ

ಅತ್ಯುತ್ತಮ ನಟನ ರಾಷ್ಟ್ರಪ್ರಶಸ್ತಿ ಕನ್ನಡ ಚಿತ್ರಗಳಿಗೆ ಈವರೆಗೆ ನಾಲ್ಕು ಸಲ ಬಂದಿದೆ. ‘ಚೋಮನ ದುಡಿ’ಯ ಎಂ.ವಿ. ವಾಸುದೇವ ರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ... ಅವಳು’ ಚಿತ್ರದ ಸಂಚಾರಿ ವಿಜಯ್, ‘ಕಾಂತಾರ’ದ ರಿಷಬ್ ಶೆಟ್ಟಿ. ವಿಜಯ್ ಕಡೂರು ತಾಲ್ಲೂಕಿನವರು. ತಬರನ ಕಥೆ ಬರೆದ ತೇಜಸ್ವಿ ಮೂಡಿಗೆರೆಯವರೇ ಆಗಿಹೋಗಿದ್ದರು. ಹಾಗೆ ನೋಡಿದರೆ ನಾಲ್ಕರಲ್ಲಿ ಎರಡಕ್ಕೆ ಚಿಕ್ಕಮಗಳೂರು ಜಿಲ್ಲೆ ಹಕ್ಕು ಸಾಧಿಸಬಹುದು. ಸಾಧಿಸಿದ್ದನ್ನು ಮಾತ್ರ ಯಾರೂ ಕೇಳಿಲ್ಲ.

ಈ ನಾಲ್ವರ ಪೈಕಿ ವಿಜಯ್ ಅವರದು ಬೇರೆಯದೇ ಕಥೆ. ವಾಸುದೇವ ರಾವ್ ಚೋಮನಾಗುವ ಹೊತ್ತಿಗೆ ನಾಟಕದಲ್ಲಿ ಅರ್ಧ ಆಯುಷ್ಯ ಸವೆಸಿದ್ದರು. ಚಾರುಹಾಸನ್ ವಕೀಲರು, ಐವತ್ತು ದಾಟಿದವರು. ಬದುಕಿನ ದಾರಿ ಆಗಲೇ ಗೊತ್ತಾಗಿತ್ತು, ಪ್ರಶಸ್ತಿ ಮೇಲಿನ ಮರ್ಯಾದೆ. ರಿಷಬ್ ತಮ್ಮ ಕಥೆಯನ್ನು ತಾವೇ ಬರೆದು, ತಾವೇ ನಿರ್ದೇಶಿಸಿ, ಅದರೊಳಗೆ ನಿಂತವರು. 2015ರಲ್ಲಿ ಪ್ರಶಸ್ತಿ ಪಡೆದಾಗ ವಿಜಯ್‌ಗೆ 31 ವರ್ಷ. ಮುಂದಿನ ಊಟ ಮುಂದಿನ ನಿರ್ದೇಶಕರ ಫೋನಿನ ಮೇಲೆ ನಿಂತಿದ್ದ ನಟ ಅವರೊಬ್ಬರೇ. ನಮ್ಮ ಚಿತ್ರರಂಗ ನಟನೊಬ್ಬನನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದಕ್ಕೆ ಆಮೇಲಿನ ಆರು ವರ್ಷಗಳನ್ನು ನೋಡಿದರೆ ಸಾಕು.

ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನ ಹಳ್ಳಿಗಳಿಗೆ ನಟನೆ ಹೊಸ ವಿದ್ಯೆಯೇನಲ್ಲ. ಸುಗ್ಗಿ ಮುಗಿದು ಜಾತ್ರೆ ಹತ್ತಿರ ಬಂತೆಂದರೆ ಹಾರ್ಮೋನಿಯಂ ಮೇಷ್ಟ್ರು ಊರಲ್ಲಿ ಬಿಡಾರ ಹೂಡುತ್ತಾರೆ. ತಿಂಗಳುಗಟ್ಟಲೆ ರಾತ್ರಿ ತಾಲೀಮು. ‘ಕುರುಕ್ಷೇತ್ರ’ ಆಡುವುದಾದರೆ ಪಾತ್ರಕ್ಕೊಂದು ರೇಟು: ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ವಿದುರನಿಗೆ ಕಮ್ಮಿ. ಆ ದುಡ್ಡನ್ನು ಪಾತ್ರಧಾರಿಯೇ ಕೈಯಿಂದ ಹಾಕಬೇಕು. ಮೇಷ್ಟ್ರ ಸಂಬಳ, ಡ್ರಾಮಾ ಸೀನರಿಯ ಬಾಡಿಗೆ, ಮೈಕು, ಶಾಮಿಯಾನ ಎಲ್ಲವೂ ಅದರಲ್ಲೇ ಆಗಬೇಕು. ಕಾಯಿ ಮಾರಿದ ಹಣ ಕಟ್ಟಿ ಒಂದು ರಾತ್ರಿಗೆ ಭೀಮನಾಗುವ ರೈತನಿಗೆ ಅದರಿಂದ ಪೈಸೆ ವಾಪಸ್ ಬರುವುದಿಲ್ಲ, ಅವನು ಅದನ್ನು ಕೇಳುವುದೂ ಇಲ್ಲ. ಹಾಡುಗಾರಿಕೆ, ಗಟ್ಟಿ ಕಂಠ, ಬೆಳಗಿನ ಜಾವದವರೆಗೂ ಕೂರುವ ಪ್ರೇಕ್ಷಕ, ಎಲ್ಲ ಇಲ್ಲಿದೆ. ಇಲ್ಲದಿರುವುದು ಇಲ್ಲಿಂದ ತೆರೆಯ ಮೇಲಕ್ಕೆ ಹೋಗುವ ದಾರಿ. ಅದಕ್ಕೆ ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹತ್ತಿ ಬೆಂಗಳೂರಿಗೇ ಹೋಗಬೇಕು.

ವಿಜಯ್ ಎಂಜಿನಿಯರಿಂಗ್ ಓದಿ, ಕೆಲಕಾಲ ಪಾಠ ಹೇಳಿ, ಕೊನೆಗೆ ಬೆಂಗಳೂರಿನ ‘ಸಂಚಾರಿ’ ರಂಗತಂಡ ಸೇರಿದರು. ತಂಡದ ಹೆಸರೇ ಅವರ ಹೆಸರಿಗೂ ಅಂಟಿತು. 2011ರ ‘ರಂಗಪ್ಪ ಹೋಗ್ಬಿಟ್ನಾ’ ಮೊದಲ ಚಿತ್ರ. ‘ದಾಸವಾಳ’, ‘ಒಗ್ಗರಣೆ’ಗಳಲ್ಲಿ ಸಣ್ಣಪುಟ್ಟ ಪಾತ್ರಗಳು. ಆಮೇಲೆ ಬಂತು ಆ ಒಂದು ವರ್ಷ. ಮಂಸೋರೆ ನಿರ್ದೇಶನದ ‘ಹರಿವು’ ಚಿತ್ರದಲ್ಲಿ ಅವರು ಉತ್ತರ ಕರ್ನಾಟಕದ ಬಡ ರೈತ. ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತ ಮಗನ ಶವವನ್ನು ಊರಿಗೆ ಒಯ್ಯಲು ಕಾಸಿಲ್ಲದೆ ಟ್ರಂಕಿನಲ್ಲಿಟ್ಟುಕೊಂಡು ಹೊರಡುವ ಅಪ್ಪ. ನಡೆದ ಘಟನೆಯನ್ನು ಆಧರಿಸಿದ ಕಥೆ ಅದು. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಂದದ್ದು. ಅಲ್ಲಿ ಮಾದೇಶನಾಗಿ ಹುಟ್ಟಿ ವಿದ್ಯಾ ಆಗುವ ಜೀವಕ್ಕೆ ವಿಜಯ್ ಮೈಕೊಟ್ಟರು. ಕುಂಟೆತ್ತು ಎಳೆದಂತೆ ನಡೆಯುವ ಅಪ್ಪ ಒಂದು ಕಡೆ, ಕನ್ನಡಿಯ ಮುಂದೆ ಮೊದಲ ಸಲ ಸೀರೆಯ ನೆರಿಗೆ ಹಿಡಿಯುವ ಬೆರಳು ಇನ್ನೊಂದು ಕಡೆ. ಎರಡರಲ್ಲೂ ಇರುವವನು ಒಬ್ಬನೇ ಎಂದು ಗೊತ್ತಿಲ್ಲದವರಿಗೆ ಹೇಳಿದರೆ ನಂಬುವುದು ಕಷ್ಟ. 62ನೇ ರಾಷ್ಟ್ರಪ್ರಶಸ್ತಿಯಲ್ಲಿ ‘ಹರಿವು’ ಅತ್ಯುತ್ತಮ ಕನ್ನಡ ಚಿತ್ರವಾಯಿತು, ವಿಜಯ್ ಅತ್ಯುತ್ತಮ ನಟರಾದರು. ‘ನಾನು ಅವನಲ್ಲ... ಅವಳು’ ಪ್ರಸಾಧನಕ್ಕೂ ಪ್ರಶಸ್ತಿ ಗಳಿಸಿತು. ಟ್ರಾನ್ಸ್‌ಜೆಂಡರ್ ಪಾತ್ರವನ್ನು ಆ ಸಮುದಾಯದವರಿಂದಲೇ ಮಾಡಿಸಬೇಕಿತ್ತಲ್ಲವೇ ಎಂದು ಇಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಬೇಕಾದದ್ದು ಇಡೀ ಉದ್ಯಮ.

ಇನ್ನು ಮುಂದೆ ಒಳ್ಳೆಯ ಪಾತ್ರಗಳ ಸಾಲು ನಿಲ್ಲುತ್ತದೆ ಎಂದು ಎಲ್ಲರೂ ಅಂದುಕೊಂಡರು. ಚಿತ್ರಗಳೇನೋ ಬಂದವು. ‘ಕಿಲ್ಲಿಂಗ್ ವೀರಪ್ಪನ್’, ‘ಸಿಪಾಯಿ’, ‘ರಿಕ್ತ’, ‘ಪಾದರಸ’, ‘ವರ್ತಮಾನ’, ‘6ನೇ ಮೈಲಿ’, ‘ಕೃಷ್ಣ ತುಳಸಿ’. ಇವುಗಳಲ್ಲಿ ಎಷ್ಟನ್ನು ಕಡೂರಿನ ಜನ ನೋಡಿದ್ದಾರೆ? ಹೆಚ್ಚಿನವು ಸಣ್ಣ ಬಜೆಟ್ಟಿನವು, ಬಂದಷ್ಟೇ ಬೇಗ ಹೋದವು. ಗಾಂಧಿನಗರಕ್ಕೆ ‘ಅವಾರ್ಡ್ ನಟ’ ಎಂದರೆ ನಮಸ್ಕಾರ ಮಾಡಿ ಪಕ್ಕಕ್ಕೆ ಕೂರಿಸುವ ಅತಿಥಿ. ದೊಡ್ಡ ನಿರ್ಮಾಪಕನಿಗೆ ಅವನ ಹೆಸರಿನ ಮೇಲೆ ಹಣ ಹಾಕಲು ಧೈರ್ಯವಿಲ್ಲ, ಪೋಷಕ ಪಾತ್ರಕ್ಕೆ ಕರೆಯಲು ಸಂಕೋಚ. ಹೀಗಿರುವಾಗ ಬಂದದ್ದನ್ನೆಲ್ಲ ಒಪ್ಪಿಕೊಂಡದ್ದು ವಿಜಯ್ ಅವರ ತಪ್ಪು ಎನ್ನುವವರಿದ್ದಾರೆ. ಕೆಲವನ್ನು ಬಿಟ್ಟಿದ್ದರೆ ಒಳ್ಳೆಯದಿತ್ತು, ನಿಜ. ಆದರೆ ಮನೆ ಬಾಡಿಗೆ ಕಟ್ಟುವ ನಟನಿಗೆ ಕಾಯುವುದೂ ಒಂದು ಖರ್ಚು. ಅವರೊಳಗಿನ ನಟನನ್ನು ಮತ್ತೆ ಸರಿಯಾಗಿ ಬಳಸಿಕೊಂಡದ್ದು ಮಂಸೋರೆಯವರೇ. 2018ರ ‘ನಾತಿಚರಾಮಿ’, ಆಮೇಲೆ ಲಾಕ್‌ಡೌನ್ ಸಡಿಲವಾದ ಮೇಲೆ, 2020ರ ನವೆಂಬರಿನಲ್ಲಿ ಧೈರ್ಯ ಮಾಡಿ ಚಿತ್ರಮಂದಿರಕ್ಕೆ ಬಂದ ‘ಆಕ್ಟ್ 1978’.

ಪಕ್ಕದ ಅರಸೀಕೆರೆಯನ್ನು ನೋಡಿ. ಕಾಳೇನಹಳ್ಳಿಯ ಧನಂಜಯ್ ಕೂಡ ಎಂಜಿನಿಯರಿಂಗ್ ಓದಿದವರು, ರಂಗಭೂಮಿಯಿಂದ ಬಂದವರು, ಇನ್ಫೊಸಿಸ್ ಕೆಲಸ ಬಿಟ್ಟವರು. 2013ರ ‘ಡೈರೆಕ್ಟರ್ಸ್ ಸ್ಪೆಷಲ್’ನಿಂದ ಐದು ವರ್ಷ ನಾಯಕನಾಗಿ ಒದ್ದಾಡಿದರು. 2018ರ ‘ಟಗರು’ ಚಿತ್ರದ ‘ಡಾಲಿ’ ಎಂಬ ಖಳ ಅವರ ನಸೀಬು ಬದಲಿಸಿದ. ‘ಬಡವ ರಾಸ್ಕಲ್’ ಹೊತ್ತಿಗೆ ಅವರು ತಾವೇ ನಿರ್ಮಾಪಕರು. ಪ್ರತಿಭೆಯಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂಬ ತೂಕ ಇಲ್ಲಿ ಬೇಡ. ಒಬ್ಬರಿಗೆ ಶಿಳ್ಳೆ ಬೀಳುವ ಪಾತ್ರ ಸಿಕ್ಕಿತು, ಇನ್ನೊಬ್ಬರಿಗೆ ಪದಕ ಸಿಕ್ಕಿತು. ಅದೇ ಅರಸೀಕೆರೆಯ ದೊಡ್ಡಣ್ಣ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಲೇ ನಾಟಕವಾಡಿದರು. ಮುಂದೆ ನೂರಾರು ಚಿತ್ರಗಳಲ್ಲಿ ಖಳನಾಗಿ, ಹಾಸ್ಯನಟನಾಗಿ ಜೀವನ ಕಟ್ಟಿಕೊಂಡರು. ಪೋಷಕ ನಟನೂ ಮನೆಮಾತಾಗಬಹುದಾದ ಕಾಲ ಅದು. ಈಗ ಆ ಜಾಗವನ್ನು ಕಿರುತೆರೆ ತುಂಬಿದೆ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮುಕ್ತ’ದ ದಿನಗಳಲ್ಲಿ ರಂಗನಟರಿಗೆ ಅಲ್ಲಿ ಗಟ್ಟಿ ಮಾತುಗಳಾದರೂ ಇದ್ದವು. ಇಂದಿನ ದಿನಧಾರಾವಾಹಿ ತಿಂಗಳ ಸಂಬಳವನ್ನು ಕೊಡುತ್ತದೆ, ಅದೇನು ಸಣ್ಣದಲ್ಲ. ಆದರೆ ಮೂರು ವರ್ಷ ಒಂದೇ ಸೋಫಾದ ಹಿಂದೆ ನಿಂತು ಬೆಚ್ಚಿಬೀಳುವುದನ್ನೇ ನಟನೆ ಎನ್ನಬೇಕಾಗುತ್ತದೆ.

2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ವಿಜಯ್‌ಗೆ ಬೈಕ್ ಅಪಘಾತ. ಮಿದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಕೋವಿಡ್ ಕಾಲದಲ್ಲಿ ಆಮ್ಲಜನಕ, ದಿನಸಿ ಎಂದು ಓಡಾಡುತ್ತಿದ್ದ ವಿಜಯ್‌ಗೆ ಆಗ 37. ರವೀಂದ್ರ ಕಲಾಕ್ಷೇತ್ರದಲ್ಲಿ ಅಂತಿಮ ದರ್ಶನ, ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ. ‘ಪುಕ್ಸಟ್ಟೆ ಲೈಫು’ವಿನ ಬೀಗದ ಕೆಲಸದ ಶಹಜಹಾನ್, ‘ತಲೆದಂಡ’ದ ಮರಗಳನ್ನು ಪ್ರೀತಿಸುವ ಮುಗ್ಧ, ಇಬ್ಬರೂ ತೆರೆಗೆ ಬಂದದ್ದು ಅವರು ಹೋದ ಮೇಲೆ. ‘ತಲೆದಂಡ’ಕ್ಕೆ ಪರಿಸರ ಸಂರಕ್ಷಣೆಯ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಗುಂಡು ಹಾರಿಸಿ ಗೌರವ ಕೊಟ್ಟ ಸರ್ಕಾರ ಇನ್ನೊಂದು ಕೆಲಸ ಮಾಡಬಹುದಿತ್ತು, ಈಗಲೂ ಮಾಡಬಹುದು. ರಾಜ್ಯ ಪ್ರತಿವರ್ಷ ಆಯ್ದ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ಚಲನಚಿತ್ರ ಅಕಾಡೆಮಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಉತ್ಸವ ನಡೆಸಿ ಇರಾನಿನ, ಕೊರಿಯಾದ ಚಿತ್ರ ತೋರಿಸುತ್ತದೆ, ಸಂತೋಷ. ಜನರ ತೆರಿಗೆಯ ನೆರವು ಪಡೆದ ಚಿತ್ರ ವರ್ಷದೊಳಗೆ ತಾಲ್ಲೂಕು ಕೇಂದ್ರಗಳಲ್ಲಿ ಒಂದು ದಿನವಾದರೂ ಪ್ರದರ್ಶನ ಕಾಣಲೇಬೇಕು ಎಂಬ ಷರತ್ತು ಹಾಕಲಿ. ಕಾಲೇಜಿನ ಸಭಾಂಗಣ, ಸಮುದಾಯ ಭವನ, ಒಂದು ಪ್ರೊಜೆಕ್ಟರ್, ಒಂದು ಒಳ್ಳೆಯ ಸೌಂಡ್ ಬಾಕ್ಸ್. ‘ಕುರುಕ್ಷೇತ್ರ’ಕ್ಕೆ ಊರವರು ಕೈಯಿಂದ ಹಾಕುವ ದುಡ್ಡಿಗಿಂತ ಹೆಚ್ಚೇನೂ ಆಗದು. ಚಿತ್ರದ ನಟರು ಬಂದು ಮಾತಾಡಲಿ, ಊರಿನ ಪಾತ್ರಧಾರಿಗಳು ಪ್ರಶ್ನೆ ಕೇಳಲಿ. ಪಾತ್ರ ಆಯ್ಕೆ ಮಾಡುವವರೂ ಆ ದಿನ ಸಭಾಂಗಣದಲ್ಲಿ ಕೂತಿದ್ದರೆ ಬೆಂಗಳೂರಿನ ರೈಲು ಹತ್ತದ ನಾಲ್ಕು ಕಂಠಗಳನ್ನಾದರೂ ಕೇಳಿಸಿಕೊಂಡಾರು.

ಶುರು ಮಾಡುವುದಕ್ಕೆ ಜುಲೈ ಒಳ್ಳೆಯ ತಿಂಗಳು, ವಿಜಯ್ ಹುಟ್ಟಿದ ತಿಂಗಳು. ಕಡೂರಿನಲ್ಲಿ ‘ಹರಿವು’, ತರೀಕೆರೆಯಲ್ಲಿ ‘ನಾನು ಅವನಲ್ಲ... ಅವಳು’, ಅಜ್ಜಂಪುರದಲ್ಲಿ ‘ಪುಕ್ಸಟ್ಟೆ ಲೈಫು’. ಮೊದಲ ವರ್ಷಕ್ಕೆ ಇಷ್ಟು ಸಾಕು. ಟಿಕೆಟ್ ಇಡುವುದಾದರೂ ಇಡಲಿ, ಇಪ್ಪತ್ತು ರೂಪಾಯಿಗೆ ಯಾರೂ ಬೇಡವೆನ್ನುವುದಿಲ್ಲ.