ಬಿಟ್ಟಿ ಸೇವೆಗೆ ಯಾರು ಬರಬಲ್ಲರು?

ಕಡೂರು ತಾಲ್ಲೂಕಿನ ಯಗಟಿ ಹೋಬಳಿಯಲ್ಲಿ ಕೆರೆ ತುಂಬಿದ ವರ್ಷ ತೆಂಗು ಉಳಿಯುತ್ತದೆ. ತುಂಬದ ವರ್ಷ ಬೋರ್‌ವೆಲ್ ಲಾರಿ ಊರೂರು ತಿರುಗುತ್ತದೆ. ಅದೇ ಜಿಲ್ಲೆಯ ಶೃಂಗೇರಿ, ಮೂಡಿಗೆರೆಗಳಲ್ಲಿ ಮಳೆ ಹಿಡಿದು ಕೂತಾಗಲೂ ಕಡೂರಿನ ಬಯಲಿಗೆ ಎಷ್ಟೋ ಸಲ ಬರುವುದು ಬರೀ ಗಾಳಿ. ಇಂಥ ಕಡೆ ನೀರು, ಗೋಮಾಳ, ಗುಂಡುತೋಪುಗಳನ್ನು ಯಾರು ಕಾಯಬೇಕು? ಊರಿನವರೇ ಎಂದು ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಅದಕ್ಕೆಂದೇ ಸಮಿತಿಗಳಿವೆ: ಕೆರೆ ಅಭಿವೃದ್ಧಿ ಸಮಿತಿ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ, ಜೀವವೈವಿಧ್ಯ ನಿರ್ವಹಣಾ ಸಮಿತಿ. ಇವುಗಳ ಸದಸ್ಯತ್ವಕ್ಕೆ ಸಂಬಳವಿಲ್ಲ. ಊರಿನ ಕೆಲಸವೆಂದರೆ ಸೇವೆ, ಸೇವೆಗೆ ದುಡ್ಡು ಕೇಳಬಾರದು ಎಂಬ ನಂಬಿಕೆ ಇದರ ಬುಡದಲ್ಲಿದೆ. ಕೇಳಲು ಚೆನ್ನಾಗಿರುವ ಈ ನಂಬಿಕೆಯೇ ಸಮಿತಿಗಳನ್ನು ಸೊರಗಿಸಿದೆ ಎಂಬುದು ನನ್ನ ವಾದ.

ಜೀವವೈವಿಧ್ಯ ಸಮಿತಿಯನ್ನೇ ನೋಡೋಣ. 2002ರ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯೂ ಇಂಥದೊಂದನ್ನು ರಚಿಸಬೇಕೆಂದಿತು. 2004ರ ಕೇಂದ್ರ ನಿಯಮಗಳಲ್ಲಿ ಒಬ್ಬ ಅಧ್ಯಕ್ಷ, ಹೆಚ್ಚೆಂದರೆ ಆರು ಸದಸ್ಯರು ಎಂದಿತ್ತು. ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು ಇರಬೇಕಿತ್ತು, ಪರಿಶಿಷ್ಟರಿಗೆ ಶೇ. 18 ಇತ್ತು. ಊರಿನ ಗಿಡ, ಹುಲ್ಲು, ತಳಿ, ಪ್ರಾಣಿ, ಔಷಧಿಗಳ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಾಗಿ ಬರೆದಿಡುವುದು ಇವರ ಮುಖ್ಯ ಕೆಲಸ. ವರ್ಷಗಟ್ಟಲೆ ಹೆಚ್ಚಿನ ಕಡೆ ಏನೂ ಆಗಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟು, ತಪ್ಪಿದ ಪ್ರತಿ ರಾಜ್ಯವೂ 2020ರ ಫೆಬ್ರವರಿಯಿಂದ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತು. ಆಮೇಲೆ ದೇಶದಲ್ಲಿ ಸಮಿತಿಗಳ ಸಂಖ್ಯೆ ಎರಡೂವರೆ ಲಕ್ಷ ದಾಟಿತು. ಅವಸರದಲ್ಲಿ ಹುಟ್ಟಿದ ಸಮಿತಿಗೆ ಹೆಸರುಗಳು ಸಿಗುವುದು ಸುಲಭ, ಕೂತು ಕೆಲಸ ಮಾಡುವವರು ಸಿಗುವುದು ಕಷ್ಟ. ಸಭೆಗೆ ಬಾರದವರ ಮನೆಗೆ ನಡಾವಳಿ ಪುಸ್ತಕವೇ ಹೋಗಿ ಸಹಿ ಹಾಕಿಸಿಕೊಂಡು ಬರುವುದನ್ನು ಹಳ್ಳಿಯ ಪಂಚಾಯಿತಿ ಬಲ್ಲವರು ಹೊಸದಾಗಿ ಕೇಳಬೇಕಿಲ್ಲ.

ಇದಕ್ಕೆ ಜನರ ಉದಾಸೀನವೇ ಕಾರಣವೆಂದು ಬೈದುಬಿಡುವುದು ಅನ್ಯಾಯ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಂಥ ಕಾವಲಿನ ಅಂಚಿನ ಊರಿನಲ್ಲಿ ದಾಖಲಾತಿ ಬರೆಯಬೇಕೆಂದರೆ ಯಾರನ್ನು ಕೇಳಬೇಕು? ಯಾವ ಮಳೆಗೆ ಯಾವ ಹುಲ್ಲು ಏಳುತ್ತದೆ, ಜಿಂಕೆ ಎಲ್ಲಿ ಮರಿ ಹಾಕುತ್ತದೆ, ತೋಳ ಯಾವ ದಾರಿಯಲ್ಲಿ ಬರುತ್ತದೆ ಎಂಬುದೆಲ್ಲ ಕುರಿ ಕಾಯುವವನ ತಲೆಯಲ್ಲಿದೆ. ಆದರೆ ಬೆಳಿಗ್ಗೆ ಹನ್ನೊಂದರ ಸಭೆಗೆ ಅವನು ಬರಬೇಕಾದರೆ ಆ ದಿನ ಮಂದೆಗೆ ಆಳು ಇಡಬೇಕು, ಇಲ್ಲವೇ ಮಗನ ಶಾಲೆ ಬಿಡಿಸಬೇಕು. ಈರುಳ್ಳಿ ಕೀಳುವ, ಅಡಿಕೆ ಸುಲಿಯುವ ಹೆಂಗಸಿಗೆ ಸಭೆಯೆಂದರೆ ಒಂದು ದಿನದ ಕೂಲಿ ಹೋದಂತೆ. ಬಿಡುವುಳ್ಳವರು ಬರುತ್ತಾರೆ: ನಿವೃತ್ತರು, ತೋಟವನ್ನು ಆಳುಗಳಿಗೆ ಬಿಟ್ಟು ಬರಬಲ್ಲವರು, ಮುಂದಿನ ಚುನಾವಣೆಯ ಮೇಲೆ ಕಣ್ಣಿಟ್ಟವರು. ಇವರಲ್ಲಿ ಪ್ರಾಮಾಣಿಕರು ಇದ್ದಾರೆ, ಕೆಲವೊಮ್ಮೆ ಇಡೀ ಸಮಿತಿಯನ್ನು ಹೊತ್ತು ನಡೆಸುವವರೂ ಇವರೇ. ಆದರೂ ಬಿಟ್ಟಿ ಸೇವೆಯೆಂಬ ಜರಡಿಯಲ್ಲಿ ಬಡವರು ಸೋಸಿಹೋಗುತ್ತಾರೆ, ಅವರ ಜೊತೆಗೆ ಅವರ ಜ್ಞಾನವೂ ಹೋಗುತ್ತದೆ.

ಹಿಂದಿನವರು ದುಡ್ಡಿಲ್ಲದೆ ಕೆರೆ ಕಾಯುತ್ತಿರಲಿಲ್ಲವೇ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಕಾಯುತ್ತಿರಲಿಲ್ಲ. ನಮ್ಮ ಶಾಸನಗಳು ಹೇಳುವುದೇ ಬೇರೆ. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಕಟ್ಟುಗೊಡಗೆ ಎಂದು ಜಮೀನು ಬಿಡುತ್ತಿದ್ದರು. ಕೆರೆಯ ಖರ್ಚಿಗೆ ಬಿತ್ತುವಟ್ಟವೆಂಬ ದತ್ತಿ ಇತ್ತು. ತೂಬು ಎತ್ತಿ ಇಳಿಸುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಆಯ ಸಲ್ಲುತ್ತಿತ್ತು. ಏರಿಯ ಹಿಂಬದಿಯಲ್ಲಿ ತೇವ ಕಂಡರೆ ಅದು ಮಳೆಯದೋ ಒಳಗಿನ ಸೋರಿಕೆಯದೋ ಎಂದು ಹೇಳಬಲ್ಲವನು ಅವನು. ಏಡಿಬಿಲ ಎಲ್ಲಿದೆ, ಕೋಡಿಯ ಕಲ್ಲು ಎಲ್ಲಿ ಜರುಗಿದೆ, ಪೋಷಕ ಕಾಲುವೆಯಲ್ಲಿ ಜಾಲಿ ಎಲ್ಲಿ ಬೆಳೆದಿದೆ ಎಂದು ತಿಳಿಯಲು ದಿನವೂ ಏರಿಯ ಮೇಲೆ ನಡೆಯಬೇಕು. ದಿನವೂ ನಡೆಯುವ ಕೆಲಸಕ್ಕೆ ಊರು ಕಾಳು ಅಳೆದು ಕೊಡುತ್ತಿತ್ತು. ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ನೀರಗಂಟಿಕೆ ಎಷ್ಟೋ ಊರುಗಳಲ್ಲಿ ದಲಿತ ಮನೆತನಗಳ ಪಾಲಿಗೆ ಬಂದ ಕೆಲಸ. ಏರಿ ಕಾಯುವ ಹೊಣೆ ಇತ್ತು, ಊರಿನ ತೀರ್ಮಾನದಲ್ಲಿ ಮಾತಿರಲಿಲ್ಲ.

ಸಖರಾಯಪಟ್ಟಣದ ಅಯ್ಯನಕೆರೆಯ ಬಗ್ಗೆ ಹಳೆಯ ಮೈಸೂರು ಗ್ಯಾಸೆಟಿಯರ್‌ನಲ್ಲೂ ದಾಖಲಾದ ಕತೆಯೊಂದಿದೆ. ಕೆರೆ ಒಡೆಯುವುದರಲ್ಲಿತ್ತು. ದೇವಿ ನೀರಗಂಟಿಗೆ ಕಾಣಿಸಿಕೊಂಡು ಅದನ್ನು ತಿಳಿಸಿದಳು. ತಾನು ಊರಿಗೆ ಹೋಗಿ ಹೇಳಿ ಮರಳಿ ಬರುವತನಕ ತಡೆಯಬೇಕೆಂದು ಅವನು ಬೇಡಿಕೊಂಡ, ಅವಳು ಒಪ್ಪಿದಳು. ಓಡಿಬಂದು ಸುದ್ದಿ ಕೊಟ್ಟವನನ್ನು ಮರಳಿ ಹೋಗದಂತೆ ಕೊಂದುಬಿಟ್ಟರು. ದೇವಿ ಮಾತಿಗೆ ಕಟ್ಟುಬಿದ್ದಳು, ಕೆರೆ ಉಳಿಯಿತು. ಈ ಕತೆಯನ್ನು ತ್ಯಾಗದ ಕತೆಯಾಗಿ ಹೇಳುವವರಿದ್ದಾರೆ. ನನಗೆ ಅದು ಹಾಗೆ ಕೇಳುವುದಿಲ್ಲ. ತ್ಯಾಗ ಮಾಡುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ಊರಿನ ಸುರಕ್ಷತೆಯ ಪೂರ್ತಿ ಬೆಲೆಯನ್ನು ಅತ್ಯಂತ ಕೆಳಗಿದ್ದ ಒಬ್ಬನಿಂದ ವಸೂಲಿ ಮಾಡುವ ಅಭ್ಯಾಸ ಹಳೆಯದು.

ಸಾಮೂಹಿಕ ಸಂಪತ್ತನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಫಿಲಿಪೀನ್ಸ್‌ನ ಜಂಹೇರ ಎಂಬ ನೀರಾವರಿ ಸಂಘಗಳ ಬಗ್ಗೆ ಬರೆದಿದ್ದಾರೆ. ಅಲ್ಲಿ ಸಂಘದ ಪದಾಧಿಕಾರಿಗಳ ದುಡಿಮೆಗೆ ಪ್ರತಿಯಾಗಿ ಕೆಲವು ಜಮೀನು ಮೀಸಲು. ಆ ಜಮೀನು ಇರುವುದು ಕಾಲುವೆಯ ಕೊನೆಯಲ್ಲಿ. ನೀರು ಎಲ್ಲರಿಗೂ ತಲುಪಿ ಕೊನೆಗೆ ಬಂದರಷ್ಟೇ ಮುಖಂಡನ ಗದ್ದೆ ನೆನೆಯುತ್ತದೆ. ಒಳ್ಳೆಯತನವನ್ನು ನಂಬಿ ಕೂರದೆ, ದುಡಿದವನಿಗೆ ಪ್ರತಿಫಲ ಕೊಟ್ಟು ಆ ಪ್ರತಿಫಲವನ್ನೇ ಊರಿನ ಹಿತಕ್ಕೆ ಗಂಟುಹಾಕಿದ್ದಾರೆ. ತೂಬಿನ ಬಾಯಿಯಲ್ಲೇ ತೋಟ ಇರುವವರು ಕೆರೆ ಸಮಿತಿಯ ಅಧ್ಯಕ್ಷರಾಗುವ ನಮ್ಮ ರೂಢಿಗೆ ಇದು ತೀರ ಎದುರು.

ದುಡ್ಡು ಇಟ್ಟರೆ ಸಮಿತಿಗೂ ಕಿತ್ತಾಟ ಶುರುವಾಗುತ್ತದೆ, ಸೇವೆಯ ಭಾವ ಸಾಯುತ್ತದೆ ಎಂಬ ಭಯ ಸುಳ್ಳಲ್ಲ. ಸಹಕಾರ ಸಂಘಗಳ ಚುನಾವಣೆ ಕಂಡವರಿಗೆ ಆ ಭಯ ಬಾರದಿದ್ದರೇ ಆಶ್ಚರ್ಯ. ಅದಕ್ಕೇ ನಾನು ತಿಂಗಳ ಸಂಬಳ ಕೇಳುತ್ತಿಲ್ಲ. ಬಂದು ಕೂತ ದಿನಕ್ಕೆ ಕಳೆದುಕೊಂಡ ಕೂಲಿ ಕೊಡಿ ಎನ್ನುತ್ತಿದ್ದೇನೆ. ಬಾರದವರಿಗೆ ಬೇಡ. ಗ್ರಾಮ ಪಂಚಾಯಿತಿ ಸದಸ್ಯರಿಗೆ ಗೌರವಧನ ಇರುವುದನ್ನು ಯಾರೂ ಪಾಪವೆಂದು ಭಾವಿಸಿಲ್ಲ. ಕೊಡದೆ ಇರುವುದರಲ್ಲಿ ಇನ್ನೊಂದು ಹಾನಿಯಿದೆ. ಬಿಟ್ಟಿ ದುಡಿಯುವವರನ್ನು ಲೆಕ್ಕ ಕೇಳಲು ಊರಿಗೆ ಸಂಕೋಚ. ಕೇಳಿದರೆ ‘ನಮ್ಮ ಮನೆ ಕೆಲಸ ಬಿಟ್ಟು ಮಾಡ್ತಿದೀವಿ, ನೀವೇ ಬಂದು ಮಾಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೂಲಿ ಪಡೆದವರಿಗೆ ಆ ಉತ್ತರ ಕೊಡಲಾಗುವುದಿಲ್ಲ.

ಶ್ರಮದಾನದ ಬಗ್ಗೆ ನನಗೆ ಗೌರವವಿದೆ. ಹೂಳು ಎತ್ತುವ ಒಂದು ವಾರಕ್ಕೆ ಊರಿಗೆ ಊರೇ ಬರುತ್ತದೆ. ಆಮೇಲಿನ ಹತ್ತು ವರ್ಷ ಕಾಲುವೆ ನೋಡಿಕೊಳ್ಳಲು ಆ ಉತ್ಸಾಹ ಸಾಲದು.

ಖರ್ಚು ಎಷ್ಟಾದೀತು? 2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಆಯಿತು. ಅದನ್ನೇ ಅಳತೆಯಾಗಿ ಇಟ್ಟುಕೊಂಡರೆ, ಏಳು ಜನರ ಸಮಿತಿ ತಿಂಗಳಿಗೊಮ್ಮೆ ಸೇರಿದರೂ ವರ್ಷಕ್ಕೆ 31,080 ರೂಪಾಯಿ. ನೀರು ಬಾರದ ಒಂದು ಕೊಳವೆಬಾವಿಗೆ ಸುರಿಯುವ ದುಡ್ಡು ಇದಕ್ಕಿಂತ ಹೆಚ್ಚು. ಪಂಚಾಯಿತಿಯ ಕೆರೆಗಳ ಮೀನು ಹರಾಜಿನ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಕಟ್ಟಿಡಬಹುದು, ಕೆರೆಯ ಆದಾಯ ಕೆರೆ ಕಾಯುವವರಿಗೆ ಹೋದಂತಾಗುತ್ತದೆ. ಯಾರು ಎಷ್ಟು ಸಭೆಗೆ ಬಂದರು, ಎಷ್ಟು ಪಡೆದರು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು, ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಸಭೆಯ ಹೊತ್ತನ್ನೂ ಬದಲಿಸಬೇಕು: ಕುರಿ ಹಟ್ಟಿ ಸೇರಿದ ಮೇಲೆ ಸೇರುವುದಾದರೆ ಕಚೇರಿಯ ಬಾಗಿಲು ಆ ಹೊತ್ತಿಗೂ ತೆರೆದಿರಬೇಕು, ದೂರದ ಹಟ್ಟಿಯಿಂದ ಬಂದ ಹೆಂಗಸರನ್ನು ಮನೆ ಮುಟ್ಟಿಸುವ ಗಾಡಿಯ ಬಾಡಿಗೆಯೂ ಮೀನು ಹರಾಜಿನ ಆ ಪಾಲಿನಿಂದಲೇ ಬರಬೇಕು.